ಗೋಡೆಯಿಂದ ಬಾಗಿಲಿಗೆ: ಅಗ್ನಿಸುರಕ್ಷಾ ಸಂಹಿತೆ ಮತ್ತು ತಪಾಸಣಾಧಿಕಾರಿಯ ಅರಿವಿನ ಚರಿತ್ರೆ

1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ‘ಅರ್ಥಶಾಸ್ತ್ರ’ದ ಓಲೆಗರಿ ಪ್ರತಿ ಸಿಕ್ಕಿತು. 1909ರಲ್ಲಿ ಅದು ಅಚ್ಚಾಯಿತು. ಅದರ ರಾಜನೀತಿ, ತೆರಿಗೆ, ಗೂಢಚಾರರ ಬಗ್ಗೆ ವಿದ್ವಾಂಸರು ಬಹಳಷ್ಟು ಬರೆದಿದ್ದಾರೆ. ಎರಡನೆಯ ಅಧಿಕರಣದ ‘ನಾಗರಿಕಪ್ರಣಿಧಿ’ ಅಧ್ಯಾಯದಲ್ಲಿ ಬೆಂಕಿಯ ಬಗ್ಗೆ ಇರುವ ಹತ್ತಾರು ಸಾಲುಗಳಿಗೆ ಅಷ್ಟು ಗಮನ ದೊರೆತಿಲ್ಲ. ಅಗ್ನಿಸುರಕ್ಷೆಯ ಚರಿತ್ರೆಯನ್ನು ಬರೆಯುವವರು ಅಲ್ಲಿಂದಲೇ ಹೊರಡುವುದು ಉಚಿತವೆಂದು ನನ್ನ ಅಭಿಪ್ರಾಯ.

ಆ ಸಾಲುಗಳ ತಿರುಳು ಇಷ್ಟು. ಬೇಸಿಗೆಯಲ್ಲಿ ಹಗಲಿನ ನಡುವಿನ ಎರಡು ಭಾಗಗಳಲ್ಲಿ ಒಲೆ ಹೊತ್ತಿಸಿದರೆ ದಂಡ. ಅಡುಗೆ ಮಾಡಲೇಬೇಕಿದ್ದರೆ ಮನೆಯ ಹೊರಗೆ. ನೀರಿನ ಕೊಡ, ತೊಟ್ಟಿ, ಏಣಿ, ಕೊಡಲಿ, ಮೊರ, ಕೊಕ್ಕೆ, ತೊಗಲಿನ ಚೀಲ ಇಟ್ಟುಕೊಳ್ಳದವರಿಗೂ ದಂಡ. ಹುಲ್ಲು, ಚಾಪೆಗಳ ಹೊದಿಕೆಯನ್ನು ತೆಗೆಸಬೇಕು. ಬೆಂಕಿಯಿಂದ ಬದುಕುವ ಕಸುಬಿನವರನ್ನು ಒಂದೇ ಕಡೆ ನೆಲೆಗೊಳಿಸಬೇಕು. ಬೀದಿಗಳಲ್ಲಿ, ಚೌಕಗಳಲ್ಲಿ, ಊರಬಾಗಿಲುಗಳಲ್ಲಿ ನೀರು ತುಂಬಿದ ಕೊಡಗಳ ಸಾಲು ಇರಬೇಕು. ಉರಿಯುವ ಮನೆಯ ಕಡೆ ಓಡಿ ಬರದ ಮನೆಯೊಡೆಯನಿಗೆ 12 ಪಣ, ಬಾಡಿಗೆದಾರನಿಗೆ 6 ಪಣ. ಅಜಾಗ್ರತೆಯಿಂದ ಬೆಂಕಿ ಹತ್ತಿಸಿದವನಿಗೆ 54 ಪಣ ದಂಡ. ಇವೆಲ್ಲವೂ ‘ನಾಗರಿಕ’ ಎಂಬ ನಗರಾಧಿಕಾರಿಯ ವ್ಯಾಪ್ತಿಗೆ ಬರುತ್ತಿದ್ದವು.

ನಿಯಮವೂ ಅದನ್ನು ನೋಡಿಕೊಳ್ಳುವ ಅಧಿಕಾರಿಯೂ ಒಂದೇ ಅಧ್ಯಾಯದಲ್ಲಿ ಜೊತೆಯಾಗಿ ಬಂದಿರುವುದು ಇಲ್ಲಿ ಗಮನಾರ್ಹ. ಆದರೆ ಈ ನಿಯಮಗಳು ಕಾಯುವುದು ಊರನ್ನು. ಒಂದು ಮನೆಯ ಬೆಂಕಿ ಪಕ್ಕದ ಮನೆಗೆ ಹಬ್ಬಬಾರದು ಎಂಬುದೇ ಇವುಗಳ ಚಿಂತೆ. ಉರಿಯುವ ಮನೆಯೊಳಗಿನ ಮನುಷ್ಯ ಹೊರಗೆ ಬರುವುದು ಹೇಗೆಂಬ ಪ್ರಶ್ನೆ ಎಲ್ಲಿಯೂ ಏಳುವುದಿಲ್ಲ. ಆ ಪ್ರಶ್ನೆ ಕಾನೂನಿನ ಕೇಂದ್ರಕ್ಕೆ ಬರಲು ಇಪ್ಪತ್ತನೆಯ ಶತಮಾನವೇ ಬೇಕಾಯಿತು. ತಪಾಸಣಾಧಿಕಾರಿಗೆ ಇರಬೇಕಾದ ಅರಿವಿನ ಕೇಂದ್ರವೂ ಅದೇ ಎಂಬುದು ಈ ಲೇಖನದ ವಾದ.

ಲಂಡನ್ನಿನ ಕಥೆಯೂ ಇದನ್ನೇ ಹೇಳುತ್ತದೆ. 1666ರ ಸೆಪ್ಟೆಂಬರಿನಲ್ಲಿ ನಾಲ್ಕು ದಿನ ಉರಿದ ಬೆಂಕಿಯಲ್ಲಿ ಸುಮಾರು 13,200 ಮನೆಗಳು ನಾಶವಾದವು. ಮರುವರ್ಷ ಬಂದ ಪುನರ್ನಿರ್ಮಾಣ ಕಾಯಿದೆ ಮರದ ಹೊರಗೋಡೆಗಳನ್ನು ನಿಷೇಧಿಸಿತು, ಇಟ್ಟಿಗೆ ಇಲ್ಲವೇ ಕಲ್ಲನ್ನು ಕಡ್ಡಾಯ ಮಾಡಿತು, ಮನೆಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿ ಅಂತಸ್ತಿಗೆ ತಕ್ಕಂತೆ ಗೋಡೆಯ ದಪ್ಪವನ್ನು ಗೊತ್ತುಮಾಡಿತು. ಅದನ್ನು ನೋಡಿಕೊಳ್ಳಲು ನಗರ ಸರ್ವೇಯರುಗಳು ನೇಮಕವಾದರು. ವಿಜ್ಞಾನಿ ರಾಬರ್ಟ್ ಹುಕ್ ಅವರಲ್ಲೊಬ್ಬ. ಸುಡದ ಗೋಡೆ ಕಟ್ಟಿದರೆ ಊರು ಉಳಿಯುತ್ತದೆ ಎಂಬ ನಂಬಿಕೆ ಅಲ್ಲಿಂದ ಎರಡು ಶತಮಾನಕ್ಕೂ ಹೆಚ್ಚು ಕಾಲ ಕಾನೂನನ್ನು ಆಳಿತು.

ಆ ನಂಬಿಕೆ ಮುರಿದದ್ದು ಅಮೆರಿಕದಲ್ಲಿ, ಬೆಂಕಿಗೆ ಜಗ್ಗದ ಕಟ್ಟಡಗಳೊಳಗೆ. ಷಿಕಾಗೋದ ಇರಾಕ್ವಾಯ್ ನಾಟಕಶಾಲೆ ‘ಸಂಪೂರ್ಣ ಅಗ್ನಿನಿರೋಧಕ’ ಎಂದು ಜಾಹೀರಾತು ಕೊಟ್ಟುಕೊಂಡಿತ್ತು. 1903ರ ಡಿಸೆಂಬರ್ 30ರ ಮಧ್ಯಾಹ್ನದ ಪ್ರದರ್ಶನದಲ್ಲಿ ಅಲ್ಲಿ 602 ಮಂದಿ ಸತ್ತರು. ರಜೆಯ ದಿನಗಳಾದ್ದರಿಂದ ಪ್ರೇಕ್ಷಕರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು. ವೇದಿಕೆಯ ಸುರಕ್ಷಾ ಪರದೆ ಅರ್ಧಕ್ಕೆ ಸಿಕ್ಕಿಕೊಂಡಿತು. ಅನೇಕ ಬಾಗಿಲುಗಳ ಚಿಲಕ ತೆಗೆಯುವ ಬಗೆ ಜನಕ್ಕೆ ತಿಳಿಯಲಿಲ್ಲ. ಗೋಡೆಗಳು ಮಾತ್ರ ನಿಂತೇ ಇದ್ದವು. ಒಳಗಿನಿಂದ ಮೈಭಾರ ಬಿದ್ದರೆ ಸಾಕು, ತಾನಾಗಿ ತೆರೆದುಕೊಳ್ಳುವ ಅಡ್ಡಪಟ್ಟಿಯ ಬಾಗಿಲನ್ನು ಕಾರ್ಲ್ ಪ್ರಿಂಜ್ಲರ್ ಮತ್ತು ಸಂಗಡಿಗರು ರೂಪಿಸಿದ್ದು ಈ ದುರಂತದ ನಂತರ. ಇಂದು ಮಾಲ್, ಸಿನಿಮಾ ಮಂದಿರಗಳಲ್ಲಿ ನಾವು ತಳ್ಳುವುದು ಅಂಥದೇ ಪಟ್ಟಿಯನ್ನು.

1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರ್ಖಾನೆಯಲ್ಲಿ 146 ಕಾರ್ಮಿಕರು ಸತ್ತರು. ಬಹುಪಾಲು ವಲಸೆ ಬಂದ ಎಳೆಯ ಹೆಣ್ಣುಮಕ್ಕಳು. ಹತ್ತು ಅಂತಸ್ತಿನ ಕಟ್ಟಡದ ಕೊನೆಯ ಮೂರು ಅಂತಸ್ತುಗಳಲ್ಲಿ ಕಾರ್ಖಾನೆಯಿತ್ತು. ಒಂಬತ್ತನೆಯ ಅಂತಸ್ತಿನ ಒಂದು ಮೆಟ್ಟಿಲ ಬಾಗಿಲಿಗೆ ಬೀಗ. ಹೊರಗಿನ ಕಬ್ಬಿಣದ ಮೆಟ್ಟಿಲು ಜನರ ಭಾರಕ್ಕೆ ಕುಸಿಯಿತು. ಅಗ್ನಿಶಾಮಕ ಏಣಿ ಆರನೆಯ ಅಂತಸ್ತಿನ ಆಚೆಗೆ ಚಾಚಲಿಲ್ಲ. ಬಾಗಿಲಿಗೆ ಬೀಗ ಹಾಕಿದ್ದು ಮಾಲೀಕರಿಗೆ ಆ ಹೊತ್ತಿನಲ್ಲಿ ತಿಳಿದಿತ್ತೆಂದು ಸಾಬೀತಾಗದೆ ಅವರು ಖುಲಾಸೆಯಾದರು. ಆ ಕಟ್ಟಡ ಇವತ್ತಿಗೂ ಇದೆ, ವಿಶ್ವವಿದ್ಯಾಲಯವೊಂದರ ಬಳಕೆಯಲ್ಲಿದೆ. ಎರಡೇ ವರ್ಷಗಳಲ್ಲಿ ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘವು ಜೀವರಕ್ಷಣೆಗೆಂದೇ ಒಂದು ಸಮಿತಿ ರಚಿಸಿತು. ಅದರ ಕೆಲಸದಿಂದ 1927ರಲ್ಲಿ ಕಟ್ಟಡಗಳ ನಿರ್ಗಮನ ಸಂಹಿತೆ ಹೊರಬಂತು. ಇಂದಿನ ಜೀವರಕ್ಷಣಾ ಸಂಹಿತೆಯ ಮೂಲ ಅದೇ. ಕಾನೂನಿನ ದೃಷ್ಟಿ ಗೋಡೆಯಿಂದ ಬಾಗಿಲಿಗೆ ತಿರುಗಿದ್ದು ಹೀಗೆ.

ತಪಾಸಣಾಧಿಕಾರಿಗಳು ಎಲ್ಲಕ್ಕಿಂತ ಹೆಚ್ಚಾಗಿ ಓದಬೇಕಾದ್ದು ಬಾಸ್ಟನ್ನಿನ ಕೋಕೋನಟ್ ಗ್ರೋವ್ ಪ್ರಕರಣ. ಸುಮಾರು 460 ಜನರಿಗೆ ಅನುಮತಿಯಿದ್ದ ಆ ನೈಟ್‌ಕ್ಲಬ್ಬಿನಲ್ಲಿ 1942ರ ನವೆಂಬರ್ 28ರ ರಾತ್ರಿ ಸುಮಾರು 1,000 ಮಂದಿ ಇದ್ದರು. 492 ಮಂದಿ ಸತ್ತರು. ಮುಖ್ಯದ್ವಾರದಲ್ಲಿದ್ದದ್ದು ತಿರುಗುವ ಬಾಗಿಲು. ಎರಡೂ ಕಡೆಯಿಂದ ಜನ ಒತ್ತಿದಾಗ ಅದು ಅಲುಗಲಿಲ್ಲ. ಉಳಿದ ಕೆಲವು ಬಾಗಿಲುಗಳಿಗೆ ಬೀಗ. ಇದಕ್ಕೆ ಎಂಟು ದಿನ ಮೊದಲು ಅಗ್ನಿಶಾಮಕ ಅಧಿಕಾರಿಯೊಬ್ಬರು ಅಲ್ಲಿ ತಪಾಸಣೆ ಮಾಡಿ, ಸ್ಥಿತಿ ಚೆನ್ನಾಗಿದೆ ಎಂದು ವರದಿ ಬರೆದಿದ್ದರು. ಅಲಂಕಾರದ ವಸ್ತುವಿಗೆ ಬೆಂಕಿಕಡ್ಡಿ ಹಿಡಿದು ಪರೀಕ್ಷಿಸಿಯೂ ಇದ್ದರು. ಒಬ್ಬ ವ್ಯಕ್ತಿಯ ಮೇಲೆ ಹೊರೆ ಹಾಕಿ ಮುಗಿಸುವ ವಿಷಯ ಇದಲ್ಲ. ಅವರು ವಸ್ತುಗಳನ್ನು ನೋಡಿದರು. ಜನ ತುಂಬಿದ ರಾತ್ರಿಯಲ್ಲಿ ಆ ಜಾಗ ಹೇಗಿರುತ್ತದೆಂದು ನೋಡುವ ಕ್ರಮವೇ ಆ ತಪಾಸಣೆಯಲ್ಲಿ ಇರಲಿಲ್ಲ. ತಿರುಗುವ ಬಾಗಿಲಿನ ಪಕ್ಕದಲ್ಲಿ ಹೊರಕ್ಕೆ ತೆರೆಯುವ ಬಾಗಿಲು ಇರಲೇಬೇಕೆಂಬ ನಿಯಮ ಬಂದದ್ದು ಈ ಸಾವುಗಳ ನಂತರ.

ಭಾರತದಲ್ಲಿ ಆಧುನಿಕ ಅಗ್ನಿಶಾಮಕ ಸೇವೆಯ ನೆನಪು 1944ರ ಏಪ್ರಿಲ್ 14ರ ಮುಂಬಯಿ ಬಂದರಿನ ಸ್ಫೋಟಕ್ಕೆ ಅಂಟಿಕೊಂಡಿದೆ. ಅಂದು ಸತ್ತ 66 ಅಗ್ನಿಶಾಮಕರ ನೆನಪಿಗೆ ಪ್ರತಿವರ್ಷ ಆ ದಿನವನ್ನು ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುತ್ತೇವೆ. ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು 1956ರಲ್ಲಿ ಆರಂಭವಾಗಿ ಮುಂದೆ ನಾಗಪುರದಲ್ಲಿ ನೆಲೆಗೊಂಡಿತು. ಕರ್ನಾಟಕದಲ್ಲಿ ಅಗ್ನಿಶಾಮಕ ದಳಕ್ಕೆ 1964ರ ಕಾಯಿದೆ ಬಂತು. ಆಗಿನ ಭಾರತೀಯ ಮಾನಕ ಸಂಸ್ಥೆ 1970ರಲ್ಲಿ ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನು ಪ್ರಕಟಿಸಿತು. 1983, 2005, 2016ರಲ್ಲಿ ಅದು ಪರಿಷ್ಕೃತವಾಯಿತು. ಅದರ 4ನೆಯ ಭಾಗ ಅಗ್ನಿ ಮತ್ತು ಜೀವಸುರಕ್ಷೆಗೆ ಮೀಸಲು.

ಈ ಭಾಗವನ್ನು ಓದಿದರೆ ಬಾಗಿಲಿನ ಲೆಕ್ಕ ಹೇಗೆ ನಡೆಯುತ್ತದೆಂದು ಕಾಣುತ್ತದೆ. ವಾಸದ ಮನೆಯಿಂದ ಅಪಾಯಕಾರಿ ದಾಸ್ತಾನಿನವರೆಗೆ ಕಟ್ಟಡಗಳನ್ನು ಬಳಕೆಯ ಮೇಲೆ ಒಂಬತ್ತು ಗುಂಪುಗಳಾಗಿ ವಿಂಗಡಿಸಲಾಗಿದೆ. ಕಚೇರಿಯಲ್ಲಿ ಒಬ್ಬರಿಗೆ 10 ಚದರ ಮೀಟರಿನಂತೆ ಜನಸಂಖ್ಯೆ ಎಣಿಸಬೇಕು. 2005ರ ಆವೃತ್ತಿ ನಿರ್ಗಮನದ ಅಗಲವನ್ನು 50 ಸೆಂಟಿಮೀಟರಿನ ಘಟಕಗಳಲ್ಲಿ ಅಳೆಯುತ್ತಿತ್ತು. 2016ರದು ಸಾಮಾನ್ಯ ಕಟ್ಟಡಗಳಲ್ಲಿ ಒಬ್ಬರಿಗೆ ಮೆಟ್ಟಿಲಿನಲ್ಲಿ 10 ಮಿಲಿಮೀಟರ್, ಸಮತಟ್ಟಾದ ದಾರಿಯಲ್ಲಿ 6.5 ಮಿಲಿಮೀಟರ್ ಎಂದು ಲೆಕ್ಕ ಹಾಕುತ್ತದೆ. ಕನಿಷ್ಠ ಅಗಲದ ನಿಯಮ ಇದಕ್ಕೆ ಪ್ರತ್ಯೇಕ. ಅಂದರೆ 1,000 ಚದರ ಮೀಟರಿನ ಮಹಡಿಯಲ್ಲಿ 100 ಮಂದಿ ಎಂದು ನಕ್ಷೆ ಮಂಜೂರಾಗಿ, ಆಮೇಲೆ ಅಲ್ಲಿ ಮೇಜುಗಳನ್ನು ಒತ್ತಾಗಿ ಜೋಡಿಸಿ 250 ಮಂದಿಯನ್ನು ಕೂರಿಸಿದರೆ, ಒಂದು ಗೋಡೆಯೂ ಕದಲದೆ ಆ ಕಟ್ಟಡ ಸುರಕ್ಷತೆ ಕಳೆದುಕೊಂಡಿರಬಹುದು. ನಕ್ಷೆ ನೋಡುವ ಅಧಿಕಾರಿಗೆ ಇದು ಕಾಣುವುದಿಲ್ಲ. ಕೆಲಸದ ದಿನ ಒಳಗೆ ನಡೆದು ನೋಡಿದವರಿಗೆ ಮಾತ್ರ ಕಾಣುತ್ತದೆ.

ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಆದದ್ದು ಇದೇ. 1997ರ ಜೂನ್ 13ರಂದು ನೆಲಮಹಡಿಯ ವಾಹನ ನಿಲ್ದಾಣದಲ್ಲಿದ್ದ ವಿದ್ಯುತ್ ಪರಿವರ್ತಕಕ್ಕೆ ಬೆಂಕಿ ಹತ್ತಿತು. ಬಾಲ್ಕನಿಯಲ್ಲಿ ಕುಳಿತವರನ್ನು ಕೊಂದದ್ದು ಹೊಗೆ. 59 ಮಂದಿ ಸತ್ತರು. ಹೆಚ್ಚುವರಿ ಆಸನಗಳಿಗಾಗಿ ಬಾಲ್ಕನಿಯ ಬಲಬದಿಯ ನಡೆದಾರಿ ಮುಚ್ಚಿಹೋಗಿತ್ತೆಂಬುದು ನ್ಯಾಯಾಲಯದಲ್ಲಿ ಸ್ಥಾಪಿತವಾದ ಸಂಗತಿ. ಆ ಆಸನಗಳು ರಾತ್ರೋರಾತ್ರಿ ಬಂದವಲ್ಲ, ವರ್ಷಗಟ್ಟಲೆ ಅಲ್ಲೇ ಇದ್ದವು. ಪರವಾನಗಿಯೂ ಮುಂದುವರಿಯುತ್ತಲೇ ಬಂತು.

ಕೌಟಿಲ್ಯ ತೆಗೆಸಬೇಕೆಂದ ಹುಲ್ಲಿನ ಹೊದಿಕೆಯ ಮಾತು ಇಲ್ಲಿ ಮತ್ತೆ ಬರಬೇಕಾಗಿದೆ. 2004ರ ಜುಲೈ 16ರಂದು ಕುಂಭಕೋಣದ ಶಾಲೆಯಲ್ಲಿ ಬಿಸಿಯೂಟದ ಅಡುಗೆಮನೆಯ ಬೆಂಕಿ ಚಾವಣಿಯ ಹೊದಿಕೆಗೆ ಹತ್ತಿ 94 ಮಕ್ಕಳು ಸತ್ತರು. ಅಡುಗೆ ಹೊರಗೆ ಮಾಡಬೇಕು, ಹುಲ್ಲು ತೆಗೆಸಬೇಕು: ಎರಡು ಸಾವಿರ ವರ್ಷದಷ್ಟು ಹಳೆಯ ಎರಡೂ ಸೂಚನೆಗಳು ಒಂದೇ ಶಾಲೆಯಲ್ಲಿ ಸೋತವು. ಇದನ್ನು ಬರೆಯುವಾಗ ಸಂಶೋಧಕನ ನಿರ್ಲಿಪ್ತತೆ ಉಳಿಸಿಕೊಳ್ಳುವುದು ನನಗೆ ಸಾಧ್ಯವಾಗದು. 2009ರಲ್ಲಿ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸುರಕ್ಷಿತ ಶಾಲೆ ಮಕ್ಕಳ ಶಿಕ್ಷಣದ ಹಕ್ಕಿನ ಭಾಗವೆಂದು ಹೇಳಿ, ಶಾಲಾ ಕಟ್ಟಡಗಳು ರಾಷ್ಟ್ರೀಯ ಸಂಹಿತೆಯ ಸುರಕ್ಷಾ ನಿಯಮಗಳನ್ನು ಪಾಲಿಸಬೇಕೆಂದು ನಿರ್ದೇಶಿಸಿತು.

ಕೋರ್ಟು ಹೀಗೆ ನಿರ್ದೇಶಿಸಬೇಕಾಗಿ ಬಂದದ್ದೇಕೆ? ರಾಷ್ಟ್ರೀಯ ಕಟ್ಟಡ ಸಂಹಿತೆ ಸ್ವತಃ ಕಾನೂನಲ್ಲ, ಶಿಫಾರಸು. ಅಗ್ನಿಶಾಮಕ ಸೇವೆ ಸಂವಿಧಾನದ 12ನೆಯ ಅನುಸೂಚಿಯಲ್ಲಿ ನಗರಾಡಳಿತಗಳ ಕೆಲಸವಾಗಿ ಸೇರಿದೆ. ರಾಜ್ಯದ ಕಾಯಿದೆ, ನಗರದ ಉಪವಿಧಿಗಳು ಎತ್ತಿಕೊಂಡಾಗಲಷ್ಟೇ ಸಂಹಿತೆಗೆ ಬಲ ಬರುತ್ತದೆ. ಕೌಟಿಲ್ಯನ ಅಧ್ಯಾಯದಲ್ಲಿ ಜೊತೆಗಿದ್ದ ನಿಯಮ, ಅಧಿಕಾರಿ, ದಂಡ ಮೂರೂ ಇಲ್ಲಿ ಮೂರು ಕಡೆ ಹಂಚಿಹೋಗಿವೆ.

ಬೆಂಗಳೂರಿಗೆ ಎರಡು ದಿನಗಳನ್ನು ಮರೆಯುವ ಹಕ್ಕಿಲ್ಲ. 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಸತ್ತರು. ಅಲ್ಲಿ ಜನರನ್ನು ಕಿಟಕಿಗೆ ಅಟ್ಟಿದ್ದು ಮಹಡಿಗಳಲ್ಲಿ ತುಂಬಿಕೊಂಡ ಹೊಗೆ; ಕೆಲವರು ಕೆಳಗೆ ಹಾರಿದರು. ತಂತಿಗಳು ಮಹಡಿಯಿಂದ ಮಹಡಿಗೆ ದಾಟುವ ಸಂದುಗಳನ್ನು ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಿದೆಯೇ, ಮೆಟ್ಟಿಲ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆಯೇ ಎಂಬ ಸಣ್ಣ ಪ್ರಶ್ನೆಗಳ ತೂಕ ತಿಳಿಯುವುದು ಇಂಥ ಕಡೆ.

ಆದ್ದರಿಂದ ನನ್ನ ಒತ್ತಾಯ ಎರಡು. ನಿರಾಕ್ಷೇಪಣಾ ಪತ್ರ ಕೊಟ್ಟಲ್ಲಿಗೆ ಅಗ್ನಿಶಾಮಕ ಇಲಾಖೆಯ ಕೆಲಸ ಮುಗಿಯಬಾರದು. ಜನ ತುಂಬಿದ ಹೊತ್ತಿನಲ್ಲಿ, ಮುನ್ಸೂಚನೆಯಿಲ್ಲದೆ, ನಿಯತವಾಗಿ ಮರುತಪಾಸಣೆ ನಡೆಯಬೇಕು, ಅದರ ವರದಿ ಕಟ್ಟಡದ ಮುಖ್ಯದ್ವಾರದಲ್ಲಿ ಕನ್ನಡದಲ್ಲಿ ತೂಗಬೇಕು. ಸಂಹಿತೆಯ 4ನೆಯ ಭಾಗದ ಸಾರ, ಅದರ ಹಿಂದಿರುವ ದುರಂತಗಳ ಚರಿತ್ರೆಯ ಸಮೇತ, ಪ್ರತಿ ಅಗ್ನಿಶಾಮಕ ಠಾಣಾಧಿಕಾರಿಯ ಕೈಯಲ್ಲೂ ಪ್ರತಿ ಶಾಲೆಯ ಮುಖ್ಯೋಪಾಧ್ಯಾಯರ ಮೇಜಿನ ಮೇಲೂ ತಿಳಿಗನ್ನಡದಲ್ಲಿ ಇರಬೇಕು. ಓದುಗರು ನಾಳೆ ತಮ್ಮ ಕಚೇರಿಯ, ಮಕ್ಕಳ ಶಾಲೆಯ ಎರಡನೆಯ ಮೆಟ್ಟಿಲಿನ ಬಾಗಿಲನ್ನು ಒಮ್ಮೆ ತಳ್ಳಿ ನೋಡಲಿ. ಅದು ತೆರೆಯದಿದ್ದರೆ ಅಂದೇ ಲಿಖಿತವಾಗಿ ದೂರು ಕೊಡಲಿ.