ಸುರಪುರದ ಜಾತಕ ಮತ್ತು ಮನಸ್ಸು ಬದಲಿಸುವ ಕೋರ್ಸು

ಫೋನು ತೆರೆದರೆ ಸಾಕು, ರೀಲ್ಸ್ ನಡುವೆ ಒಂದು ಜಾಹೀರಾತು ಬರುತ್ತದೆ. "ಎನ್‌ಎಲ್‌ಪಿ ಕಲಿಯಿರಿ, ಮನಸ್ಸು ಬದಲಿಸಿಕೊಳ್ಳಿ, ಬದುಕು ತಾನಾಗಿ ಬದಲಾಗುತ್ತದೆ" ಎಂಬ ಧಾಟಿಯ ಮಾತು. ನಮ್ಮ ಯಾದಗಿರಿ, ಶಹಾಪುರ, ಸುರಪುರ ಕಡೆಯ ಹುಡುಗರೂ ಇದನ್ನು ನೋಡುತ್ತಿದ್ದಾರೆ. ಡಿಗ್ರಿ ಮುಗಿಸಿ ಕೆಲಸ ಸಿಗದವರಿಗೆ ಇಂಥ ಮಾತು ಬೇಗ ನಾಟುತ್ತದೆ. ಹಾಗಾದರೆ ಈ ಎನ್‌ಎಲ್‌ಪಿ ಅಂದರೇನು? ಮಾತಿನಿಂದ ಮನುಷ್ಯ ಬದಲಾಗುತ್ತಾನೆಯೇ? ಈ ಪ್ರಶ್ನೆಗೆ ನಮ್ಮ ಸುರಪುರದ ಇತಿಹಾಸದಲ್ಲೇ ಒಂದು ಉತ್ತರವಿದೆ.

ಮೊದಲು ಎನ್‌ಎಲ್‌ಪಿ ವಿಷಯ. ಪೂರ್ತಿ ಹೆಸರು ನ್ಯೂರೋ ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿ ಹುಟ್ಟಿತು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಬ್ಯಾಂಡ್ಲರ್ ವಿದ್ಯಾರ್ಥಿ, ಜಾನ್ ಗ್ರೈಂಡರ್ ಭಾಷಾಶಾಸ್ತ್ರದ ಮೇಷ್ಟ್ರು. ಫ್ರಿಟ್ಜ್ ಪರ್ಲ್ಸ್, ವರ್ಜೀನಿಯಾ ಸಟೀರ್, ಮಿಲ್ಟನ್ ಎರಿಕ್ಸನ್ ಎಂಬ ಹೆಸರಾಂತ ಚಿಕಿತ್ಸಕರು ನೊಂದವರ ಜೊತೆ ಹೇಗೆ ಮಾತಾಡುತ್ತಾರೆ ಎಂಬುದನ್ನು ಇವರು ಗಮನಿಸಿದರು. ಆ ಮಾತಿನ ರೀತಿಯನ್ನು ಬಿಡಿಸಿ ಬರೆದು 1975ರಲ್ಲಿ ಪುಸ್ತಕ ತಂದರು. ಗೆದ್ದವರ ನಡೆ ನುಡಿಯನ್ನು ನೋಡಿ ಕಲಿತರೆ ಯಾರು ಬೇಕಾದರೂ ಹಾಗೇ ಆಗಬಹುದು, ನಮ್ಮ ಬಗ್ಗೆ ನಾವು ಆಡಿಕೊಳ್ಳುವ ಮಾತು ಬದಲಾದರೆ ನಾವೂ ಬದಲಾಗುತ್ತೇವೆ, ಎಂಬುದು ಇದರ ತಿರುಳು.

ಕೇಳಲು ಚೆನ್ನಾಗಿದೆ. ಆದರೆ ಪರೀಕ್ಷೆಗೆ ಒಡ್ಡಿದಾಗ ಇದು ನಿಲ್ಲಲಿಲ್ಲ. 1988ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ ಇದನ್ನು ಪರಿಶೀಲಿಸಿ, ಇದರ ಹೇಳಿಕೆಗಳಿಗೆ ತಕ್ಕ ಪುರಾವೆ ಇಲ್ಲ ಎಂದಿತು. ಕಣ್ಣು ಯಾವ ಕಡೆ ಹೊರಳುತ್ತದೆ ಎಂದು ನೋಡಿ ಸುಳ್ಳು ಹಿಡಿಯಬಹುದು ಎಂದು ಎನ್‌ಎಲ್‌ಪಿ ಕಲಿಸುವ ಹಲವರು ಹೇಳುತ್ತಾರೆ. 2012ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞರ ತಂಡ ಅದನ್ನು ಪರೀಕ್ಷಿಸಿತು. ಅದೂ ನಿಜವಾಗಲಿಲ್ಲ.

ಹಾಗಂತ ಮಾತಿಗೆ ಬಲವೇ ಇಲ್ಲ, ನೋಡಿ ಕಲಿಯುವುದರಿಂದ ಲಾಭವೇ ಇಲ್ಲ ಎಂದಲ್ಲ. ಈಗ ಸುರಪುರಕ್ಕೆ ಬರೋಣ.

ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನಿಮಗೆ ಗೊತ್ತಿರುತ್ತದೆ. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಹುಟ್ಟಿದವರು. 1824ರಲ್ಲಿ, ಇನ್ನೂ ಹದಿನಾರು ತುಂಬುವ ಮೊದಲೇ, ಒಬ್ಬ ವ್ಯಾಪಾರಿಯ ಹತ್ತಿರ ಕೆಲಸಕ್ಕೆಂದು ಮುಂಬಯಿಗೆ ಬಂದರು. ಬಂದು ನೋಡಿದರೆ ಆ ವ್ಯಾಪಾರವೇ ಮುಳುಗುವ ಸ್ಥಿತಿಯಲ್ಲಿತ್ತು. ನೆಂಟರೊಬ್ಬರ ನೆರವಿನಿಂದ ಹೈದರಾಬಾದ್ ನಿಜಾಮರ ಸೇವೆಗೆ ಸೇರಿದರು.

ಕಾಲೇಜು ಮೆಟ್ಟಿಲು ಹತ್ತದ ಹುಡುಗ ಅವರು. ಆದರೆ ಕಲಿಯುವುದನ್ನು ನಿಲ್ಲಿಸಲಿಲ್ಲ. ಹಿಂದೂಸ್ತಾನಿ, ಪಾರ್ಸಿ, ಮರಾಠಿ ಕಲಿತರು. ಜನರ ಜೊತೆ ಅವರ ಮಾತಿನಲ್ಲೇ ಮಾತಾಡಿದರು. ಭೂಮಿ ಅಳೆಯುವುದು, ಕಾನೂನು, ಕಟ್ಟಡದ ಕೆಲಸ, ಕಲ್ಲು ಮಣ್ಣಿನ ಶಾಸ್ತ್ರ ಎಲ್ಲವನ್ನೂ ಸ್ವಂತ ಶ್ರಮದಿಂದ ಕಲಿತರು. ಚಿತ್ರ ಬರೆದರು. 1839ರಲ್ಲಿ ಠಕ್ಕರ ಬಗ್ಗೆ ಅವರು ಬರೆದ ಕಾದಂಬರಿ ಇಂಗ್ಲೆಂಡಿನಲ್ಲಿ ಮನೆಮಾತಾಯಿತು. 1840ರಿಂದ 1853ರವರೆಗೆ ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಗೆ ವರದಿ ಬರೆದರು. ನಮ್ಮಂಥ ಜಿಲ್ಲಾ ವರದಿಗಾರರಿಗೆ ಇದು ಖುಷಿ ಕೊಡುವ ಸಂಗತಿ. ಆ ಕಾಲದ ಲಂಡನ್ ಪತ್ರಿಕೆಗೆ ಸುದ್ದಿ ಬರೆಯುವವರೊಬ್ಬರು ನಮ್ಮ ಸುರಪುರದಲ್ಲಿದ್ದರು!

1841ರಲ್ಲಿ ಅವರು ಸುರಪುರಕ್ಕೆ ಬಂದಾಗ ಸಂಸ್ಥಾನ ಸಾಲದಲ್ಲಿತ್ತು. ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಿದ್ದರು. ಮಗ ವೆಂಕಟಪ್ಪ ನಾಯಕ ಚಿಕ್ಕ ಹುಡುಗ. ತಾಯಿ ರಾಣಿ ಈಶ್ವರಮ್ಮ ಆಡಳಿತ ತಮ್ಮ ಕೈಯಲ್ಲೇ ಇರಬೇಕೆಂದು ಹಟ ಹಿಡಿದಿದ್ದರು. ಟೇಲರ್ ಸುಮಾರು ಹನ್ನೆರಡು ವರ್ಷ ಇಲ್ಲಿದ್ದು ಹಣಕಾಸು ಸರಿಪಡಿಸಿದರು, ಹುಡುಗನಿಗೆ ಓದು ಬರಹ ಕಲಿಸಿದರು. ಹುಡುಗ ಅವರನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ.

ಇದೇ ಹೊತ್ತಿನಲ್ಲಿ ಅವರು ನಮ್ಮ ಹೊಲಗಳಲ್ಲಿದ್ದ ಕಲ್ಲುಗಳನ್ನೂ ನೋಡಿದರು. ಶಹಾಪುರ ಹತ್ತಿರದ ವಿಭೂತಿಹಳ್ಳಿಯಲ್ಲಿ ಸಾಲು ಸಾಲಾಗಿ ಇಟ್ಟ ಬಂಡೆಗಳು, ರಾಜನಕೋಳೂರಿನ ಕಲ್ಲುಮನೆಗಳು ಸಾವಿರಾರು ವರ್ಷ ಹಳೆಯವು. ದನ ಕಾಯುವವರು ದಿನಾ ನೋಡುತ್ತಿದ್ದ ಆ ಕಲ್ಲುಗಳನ್ನು ಅಳೆದು, ಚಿತ್ರ ಬರೆದು ವಿದ್ವಾಂಸರ ಮುಂದಿಟ್ಟವರು ಟೇಲರ್. ಅವರು ಯಾವ ಪದವಿಯನ್ನೂ ಪಡೆದವರಲ್ಲ. ನೋಡುವ ಅಭ್ಯಾಸ ಇತ್ತು, ನೋಡಿದ್ದನ್ನು ಬರೆದಿಡುವ ಶಿಸ್ತಿತ್ತು.

ಇನ್ನು ಜಾತಕದ ಕಥೆ. ಟೇಲರ್ ತೀರಿಕೊಂಡ ಮರುವರ್ಷ, 1877ರಲ್ಲಿ ಅಚ್ಚಾದ ಅವರ ಆತ್ಮಕಥೆಯಲ್ಲಿ ಇದು ಬರುತ್ತದೆ. ರಾಣಿ ಈಶ್ವರಮ್ಮ ಕಾಯಿಲೆ ಬಿದ್ದಾಗ ಟೇಲರ್ ಅವರನ್ನು ಕರೆಸಿ ಮಗನ ಜಾತಕದ ಗುಟ್ಟು ಹೇಳಿದರು. ಮಗ 24ನೇ ವರ್ಷದಲ್ಲಿ ಸಾಯುತ್ತಾನೆ ಎಂದು ಅದರಲ್ಲಿ ಬರೆದಿತ್ತು. ಆ ತಾಯಿ ವರ್ಷಗಟ್ಟಲೆ ಆ ಮಾತನ್ನು ಎದೆಯಲ್ಲಿಟ್ಟುಕೊಂಡೇ ಬದುಕಿದ್ದರು.

1853ರಲ್ಲಿ ಟೇಲರ್ ಬೇರೆ ಕಡೆ ಹೋದರು, ವೆಂಕಟಪ್ಪ ನಾಯಕರು ಅಧಿಕಾರ ವಹಿಸಿಕೊಂಡರು. 1858ರ ಫೆಬ್ರುವರಿಯಲ್ಲಿ ಅವರು ಬ್ರಿಟಿಷರ ವಿರುದ್ಧ ನಿಂತರು, ಸುರಪುರದಲ್ಲಿ ಕಾಳಗವಾಯಿತು, ಕೊನೆಗೆ ಹೈದರಾಬಾದಿನಲ್ಲಿ ಸೆರೆಸಿಕ್ಕರು. ಸೆರೆಯಲ್ಲಿ ಟೇಲರ್ ಭೇಟಿಯಾದಾಗ ತಮ್ಮ ಜೊತೆ ಇದ್ದವರ ಹೆಸರು ಹೇಳಲು ಒಪ್ಪಲಿಲ್ಲ. ಗಲ್ಲಿಗೆ ಹಾಕಬೇಡಿ, ಫಿರಂಗಿ ಬಾಯಿಗೆ ಕಟ್ಟಿ ಹಾರಿಸಿ ಎಂದರು. ಕೊನೆಗೆ ಮರಣದಂಡನೆ ತಪ್ಪಿ ನಾಲ್ಕು ವರ್ಷದ ಸೆರೆವಾಸವಾಯಿತು. ಚೆಂಗಲ್ಪಟ್ಟಿಗೆ ಕರೆದೊಯ್ಯುವ ದಾರಿಯಲ್ಲಿ ಗುಂಡು ತಗುಲಿ ತೀರಿಕೊಂಡರು. ಅದು ಆಕಸ್ಮಿಕವೋ, ಆತ್ಮಹತ್ಯೆಯೋ, ಕೊಲೆಯೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಆಗ ಅವರಿಗೆ 24ನೇ ವರ್ಷ.

ಈ ಕಥೆ ಕೇಳಿದವರು "ನೋಡಿ, ಜಾತಕ ನಿಜವಾಯಿತು" ಎನ್ನುತ್ತಾರೆ. ಎನ್‌ಎಲ್‌ಪಿ ಕಲಿಸುವವರಾದರೆ "ನೋಡಿ, ಮನಸ್ಸಿನಲ್ಲಿ ಕೂತ ಮಾತೇ ನಿಜವಾಯಿತು" ಎಂದಾರು. ಎರಡೂ ಒಂದೇ ತಪ್ಪು ಮಾಡುತ್ತವೆ. ರಾಜರ ಸುತ್ತ ಏನೇನಿತ್ತು ಎಂಬುದನ್ನು ಎರಡೂ ನೋಡುವುದಿಲ್ಲ. ಒಂದು ಕಡೆ ಸಂಸ್ಥಾನದ ಸಾಲ, ಇನ್ನೊಂದು ಕಡೆ ನಿಜಾಮರ ಕಪ್ಪ, ಮೇಲೆ ಬ್ರಿಟಿಷರ ಹಿಡಿತ, ದೇಶವೆಲ್ಲ ಹಬ್ಬಿದ ಬಂಡಾಯ. ಇವು ಕೇವಲ ಮನಸ್ಸಿನೊಳಗಿನ ಸಂಗತಿಗಳಲ್ಲ. ಇಷ್ಟರ ನಡುವೆ ಒಬ್ಬ ತರುಣ ತನ್ನದೇ ದಾರಿ ಆರಿಸಿಕೊಂಡ. ಎಲ್ಲವನ್ನೂ ಜಾತಕದ ಲೆಕ್ಕಕ್ಕೆ ಹಾಕಿದರೆ ಆ ಧೈರ್ಯಕ್ಕೆ ಬೆಲೆ ಎಲ್ಲಿ?

ಇದು ನಮಗೂ ಅನ್ವಯಿಸುತ್ತದೆ. ನಮ್ಮ ಜಿಲ್ಲೆಗೂ ಒಂದು ಜಾತಕ ಬರೆದಿಟ್ಟಿದ್ದಾರೆ. ಅದರ ಹೆಸರು 'ಹಿಂದುಳಿದ ಜಿಲ್ಲೆ'. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ರಾಜ್ಯಕ್ಕೇ ಕೊನೆಯ ಸ್ಥಾನದಲ್ಲಿತ್ತು. ಆಗ "ನಮ್ಮ ಕಡೆ ಹುಡುಗರು ಇಷ್ಟೇ" ಎಂಬ ಮಾತು ಮತ್ತೆ ಕೇಳಿತು. ದಿನಾ ಈ ಮಾತು ಕೇಳುತ್ತಾ ಬೆಳೆದ ಹುಡುಗ, ಹುಡುಗಿಯ ಕೈ ಪರೀಕ್ಷೆ ಬರೆಯುವಾಗ ನಡುಗಿದರೆ ಆಶ್ಚರ್ಯವಿಲ್ಲ. ಇಷ್ಟರ ಮಟ್ಟಿಗೆ ಮಾತಿಗೆ ಬಲವಿದೆ. ಮನೆಯಲ್ಲಿ, ಶಾಲೆಯಲ್ಲಿ ಆ ಮಾತು ನಿಲ್ಲಬೇಕು.

ಆದರೆ ಮಾತು ಬದಲಾದ ಮಾತ್ರಕ್ಕೆ ಶಾಲೆಗೆ ಗಣಿತದ ಮೇಷ್ಟ್ರು ಬರುವುದಿಲ್ಲ. ಗುಳೆ ಹೋಗುವ ಅಪ್ಪ ಅಮ್ಮನ ಜೊತೆ ಬೆಂಗಳೂರಿಗೋ ಪುಣೆಗೋ ಹೋದ ಮಗುವಿನ ತಪ್ಪಿಹೋದ ಪಾಠ ಮರಳುವುದಿಲ್ಲ. "ನೀನು ಸೋತದ್ದು ನಿನ್ನ ಮನಸ್ಸಿನ ದೋಷದಿಂದ" ಎಂದು ಹೇಳಿ ಫೀಸು ಕೇಳುವವರು ಈ ಸಂಗತಿಗಳನ್ನು ಮುಚ್ಚಿಡುತ್ತಾರೆ. ಆಗ ಬಡವನಿಗೆ ಬಡತನದ ಜೊತೆ ತಪ್ಪಿತಸ್ಥ ಎಂಬ ಹಣೆಪಟ್ಟಿಯೂ ಅಂಟುತ್ತದೆ.

ಹಾಗಾದರೆ ಏನು ಮಾಡಬೇಕು? ಚೆನ್ನಾಗಿ ಕೆಲಸ ಬಲ್ಲವರ ಹತ್ತಿರ ನಿಂತು ಗಮನವಿಟ್ಟು ನೋಡಿ. ಇನ್ನೊಂದು ಭಾಷೆ ಕಲಿಯಿರಿ. ಕಂಡದ್ದನ್ನು ದಿನಾ ನಾಲ್ಕು ಸಾಲು ಬರೆದಿಡಿ. ಯಾವುದಾದರೂ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು, ಇದನ್ನು ಕಲಿತವರು ಈಗ ಏನು ಮಾಡುತ್ತಿದ್ದಾರೆ, ಆ ಪ್ರಮಾಣಪತ್ರಕ್ಕೆ ಯಾರು ಕೆಲಸ ಕೊಡುತ್ತಾರೆ ಎಂದು ಕೇಳಿ. ಶಾಲೆಯಲ್ಲಿ ಮೇಷ್ಟ್ರಿಲ್ಲದಿದ್ದರೆ ಅದನ್ನೂ ಗಟ್ಟಿಯಾಗಿ ಕೇಳಿ.

ಬರುವ ಭಾನುವಾರ ಬಿಡುವಿದ್ದರೆ ಮಕ್ಕಳನ್ನು ಕರೆದುಕೊಂಡು ವಿಭೂತಿಹಳ್ಳಿಯ ಕಲ್ಲಿನ ಸಾಲು ನೋಡಿ ಬನ್ನಿ. ಎಷ್ಟು ಸಾಲಿವೆ, ಯಾವ ದಿಕ್ಕಿಗೆ ನಿಂತಿವೆ ಎಂದು ಅವರೇ ಎಣಿಸಿ ಬರೆಯಲಿ. ಅದಕ್ಕೆ ಫೀಸು ಇಲ್ಲ.