ಸದ್ದಿಲ್ಲದ ಬಾಣ

ಸಿಂಧನೂರಿನ ಸಾಲಗುಂದ ಕೃಷ್ಣೆ-ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿನ ಊರು. ಈ ನೆಲಕ್ಕಾಗಿ ವಿಜಯನಗರದವರೂ ಬಹಮನಿಗಳೂ ಮತ್ತೆ ಮತ್ತೆ ಕಾದಾಡಿದರು. ಬಹಮನಿಗಳು ಗೆಲ್ಲುವುದು ಒಳ್ಳೆಯ ಕುದುರೆಗಳಿಂದ, ನುರಿತ ಬಿಲ್ಲುಗಾರರಿಂದ ಎಂದು ಎರಡನೇ ದೇವರಾಯನಿಗೆ ಸಭೆಯವರು ಹೇಳಿದರಂತೆ. ಚರಿತ್ರೆಕಾರ ಫರಿಶ್ತಾ ಹೀಗೆ ಬರೆದಿದ್ದಾನೆ. ಬಾಣಕ್ಕೆ ಹೊಗೆಯಿಲ್ಲ, ಸಿಡಿತವಿಲ್ಲ. ನಾಟಿದ ಮೇಲೆಯೇ ಸುದ್ದಿ. ರಾಯ ಮುಸ್ಲಿಂ ಬಿಲ್ಲುಗಾರರನ್ನು ಸೇರಿಸಿಕೊಂಡು ಜಹಗೀರು ಕೊಟ್ಟ, ಮಸೀದಿ ಕಟ್ಟಿಸಿದ, ಅವರು ಅಳುಕಿಲ್ಲದೆ ಸಲಾಂ ಮಾಡಲೆಂದು ಸಿಂಹಾಸನದ ಮುಂದೆ ಕುರ್‌ಆನ್ ಇರಿಸಿದ. ಅವರು ಹಿಂದೂ ಸೈನಿಕರಿಗೆ ಬಿಲ್ವಿದ್ಯೆ ಕಲಿಸಿದರು. 1443ರಲ್ಲಿ ಆ ಸೇನೆ ಲಿಂಗಸುಗೂರು ಸೀಮೆಯ ಮುದಗಲ್ಲನ್ನು ಹಿಡಿಯಿತು. ಎದುರಿಗಿದ್ದವನೂ ಮುಸ್ಲಿಂ ಸುಲ್ತಾನನೇ. ಈ ಕಾದಾಟಗಳನ್ನು ಧರ್ಮಯುದ್ಧವೆನ್ನುವವರು, ಬಿಲ್ಲು ಯಾರ ಕೈಯಲ್ಲಿತ್ತು, ಹೇಳಿಕೊಟ್ಟವರು ಯಾರು ಎಂದು ಮೊದಲು ಕೇಳಿಕೊಳ್ಳಲಿ.