ಸೋಪ್ ಶಾಸ್ತ್ರಿಗಳ ಶರಭ

ಮಂಡ್ಯದ ಸೀಮೆಯ ಬಸರಾಳಿನಲ್ಲಿ ಮಲ್ಲಿಕಾರ್ಜುನನ ಗುಡಿಯೊಂದಿದೆ. ಹೊಯ್ಸಳ ಇಮ್ಮಡಿ ನರಸಿಂಹನ ಆಳ್ವಿಕೆಯಲ್ಲಿ, 1234ರಲ್ಲಿ, ಹರಿಹರ ದಣ್ಣಾಯಕನು ಅದನ್ನು ಕಟ್ಟಿಸಿದನು. ಗೋಡೆಯ ಶಿಲ್ಪಗಳ ಸೊಬಗನ್ನು ಬಲ್ಲವರು ಬೇಕಾದಷ್ಟು ವರ್ಣಿಸಿದ್ದಾರೆ. ನನಗೆ ಇಲ್ಲಿ ಬೇಕಾದ ಸಂಗತಿ ಬೇರೆ. ಕಟ್ಟಿಸಿದವನ ಹೆಸರು ಏಳೆಂಟು ಶತಮಾನ ಕಳೆದರೂ ಅಳಿಯಲಿಲ್ಲ. ಶಾಸನ ಅದನ್ನು ಕಾಪಾಡಿತು. ಅಕ್ಷರ ಬಾರದವರಿಗೆಂದು ಹೊಯ್ಸಳರು ಇನ್ನೊಂದು ಏರ್ಪಾಟನ್ನೂ ಮಾಡಿಕೊಂಡಿದ್ದರು. ತಮ್ಮ ಗುಡಿಗಳ ಶುಕನಾಸಿಯ ಮೇಲೆ ಮೃಗವನ್ನು ಇರಿಯುತ್ತಿರುವ ಸಳನನ್ನು ನಿಲ್ಲಿಸುತ್ತಿದ್ದರು. ದೂರದಿಂದ ಕಂಡ ದಾರಿಹೋಕನಿಗೂ ಇದು ಯಾರ ಕೆಲಸವೆಂದು ತಿಳಿಯಬೇಕು! ಇಂದಿನ ವ್ಯಾಪಾರಿಗಳು ಬ್ರಾಂಡು ಎಂದು ಕರೆದು, ಅದಕ್ಕೆಂದೇ ದೊಡ್ಡ ಸಂಬಳದ ಅಧಿಕಾರಿಗಳನ್ನು ಇಟ್ಟುಕೊಳ್ಳುವ ವಿದ್ಯೆ ನಮ್ಮ ನಾಡಿಗೆ ಅಷ್ಟೇನೂ ಹೊಸದಲ್ಲ.

ಈ ಹಳೆಯ ವಿದ್ಯೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಒಂದು ಸಾಬೂನಿನ ಬಿಲ್ಲೆಯ ಮೇಲೆ ಪ್ರಯೋಗಿಸಿ ಗೆದ್ದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಸೋಸಲೆ ಇರುವುದು ಮಳವಳ್ಳಿಗೆ ನೆರೆಯಾದ ತಿರುಮಕೂಡಲು ನರಸೀಪುರದ ತಾಲ್ಲೂಕಿನಲ್ಲಿ. ಸಂಸ್ಕೃತ ಪಂಡಿತರಿಗೆ ಹೆಸರಾದ ಊರು ಅದು. ಅಂಥ ಊರಿನ ಹೆಸರು ಹೊತ್ತ ಶಾಸ್ತ್ರಿಗಳೊಬ್ಬರು ಸಾಬೂನು ಕುದಿಸಲು ನಿಂತದ್ದು ಅಂದಿನವರಿಗೆ ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಜನ ಅವರನ್ನು 'ಸೋಪ್ ಶಾಸ್ತ್ರಿ' ಎಂದೇ ಕರೆದರು. ಮೊದಲು ಹಾಸ್ಯಕ್ಕೋ ಏನೋ, ಕೊನೆಗೆ ಅದೇ ಬಿರುದಾಗಿ ನಿಂತಿತು.

ಕಥೆಯ ಮೂಲ ಯುದ್ಧದಲ್ಲಿದೆ. ಮೈಸೂರು ಸೀಮೆಯಲ್ಲಿ ಶ್ರೀಗಂಧವು ಟಿಪ್ಪುವಿನ ಕಾಲದಿಂದ ರಾಜವೃಕ್ಷ. ರೈತನ ಹೊಲದಲ್ಲಿ ಬೆಳೆದರೂ ಮರ ಅರಮನೆಯದು. ಅದನ್ನು ಕಡಿಯುತ್ತಿರಲಿಲ್ಲ, ಬೇರುಸಹಿತ ಅಗೆದು ತೆಗೆಯುತ್ತಿದ್ದರು. ಏಕೆಂದರೆ ಎಣ್ಣೆ ಕಾಂಡದ ಚೇಗಿನಲ್ಲಿರುವಂತೆ ಬೇರಿನಲ್ಲಿಯೂ ಇದೆ. ಆದರೆ ಎಣ್ಣೆ ತೆಗೆಯುವ ಲಾಭ ನಮ್ಮದಾಗಿರಲಿಲ್ಲ. ಹರಾಜಿನಲ್ಲಿ ಮಾರಿದ ಕೊರಡುಗಳು ಹಡಗು ಹತ್ತಿ ಬಹುಪಾಲು ಜರ್ಮನಿಗೆ ಹೋಗುತ್ತಿದ್ದವು. 1914ರಲ್ಲಿ ಮಹಾಯುದ್ಧ ಆರಂಭವಾಯಿತು, ಕೊಳ್ಳುವವನೇ ಶತ್ರುವಾದನು. ಉಗ್ರಾಣಗಳಲ್ಲಿ ಗಂಧದ ಮರ ರಾಶಿ ಬಿದ್ದಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರವರ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರು ಮಾರಲಾಗದ ಮರವನ್ನು ನಾವೇ ಭಟ್ಟಿ ಇಳಿಸಬೇಕೆಂದು ನಿಶ್ಚಯಿಸಿದರು. ಕೈಗಾರಿಕಾ ನಿರ್ದೇಶಕ ಆಲ್ಫ್ರೆಡ್ ಚಾಟರ್ಟನ್ ಮುಂದಾಳಾದರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಸಡ್‌ಬರೊ ಮತ್ತು ವಾಟ್ಸನ್ ಎಂಬ ರಸಾಯನ ಪ್ರಾಧ್ಯಾಪಕರು ಆವಿಯಿಂದ ಎಣ್ಣೆ ಇಳಿಸುವ ಕ್ರಮವನ್ನು ಸಿದ್ಧಪಡಿಸಿಕೊಟ್ಟರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಎಣ್ಣೆಯ ಕಾರ್ಖಾನೆಗಳು ನಡೆದವು.

ವಿದೇಶದ ಅತಿಥಿಯೊಬ್ಬರು ಮಹಾರಾಜರಿಗೆ ಗಂಧದೆಣ್ಣೆಯ ಸಾಬೂನನ್ನು ಕಾಣಿಕೆಯಾಗಿ ತಂದುಕೊಟ್ಟರೆಂದೂ, ನಮ್ಮ ಎಣ್ಣೆಯಿಂದ ನಾವೇ ಏಕೆ ಮಾಡಬಾರದೆಂಬ ಯೋಚನೆ ಅಲ್ಲಿಂದ ಹುಟ್ಟಿತೆಂದೂ ಹೇಳುತ್ತಾರೆ. ಅದು ಹೇಗೇ ಇರಲಿ, ವಿಶ್ವೇಶ್ವರಯ್ಯನವರು ಮುಂಬಯಿಯಿಂದ ತಜ್ಞರನ್ನು ಕರೆಸಿ ಪ್ರಯೋಗ ನಡೆಸಿದರು. ತರುಣ ರಸಾಯನಜ್ಞರಾದ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿ ಸಾಬೂನು ಹಾಗೂ ಸುಗಂಧಗಳ ತಯಾರಿಕೆಯನ್ನು ಕಲಿಸಿದರು. ಸರಕಾರದ ಸಾಬೂನು ಕಾರ್ಖಾನೆ ಕಬ್ಬನ್ ಪಾರ್ಕಿನ ಸಮೀಪದಲ್ಲಿ ತಲೆಯೆತ್ತಿತು.

ಶಾಸ್ತ್ರಿಗಳ ಮುಂದಿದ್ದ ತೊಡಕನ್ನು ವಾಚಕರು ಊಹಿಸಿಕೊಳ್ಳಬೇಕು. ಕಡಲೆಹಿಟ್ಟು, ಸೀಗೆಪುಡಿಗಳಿಂದ ಮೈ ತೊಳೆಯುತ್ತಿದ್ದ ಮನೆಗಳಿಗೆ ಸಾಬೂನೆಂದರೆ ದೊರೆಗಳ ವಸ್ತು. ಅದರಲ್ಲಿ ಯಾವ ಪ್ರಾಣಿಯ ಕೊಬ್ಬಿದೆಯೋ ಎಂಬ ಅಳುಕು ಮಡಿವಂತರಿಗೆ. ಸಾಬೂನು ಬಳಸುವವರಿಗೋ ಸೀಮೆಯ ಸಾಬೂನೇ ಬೇಕು, ನೇಟಿವ್ ಸಂಸ್ಥಾನದ ಸರಕು ಯಾರಿಗೆ ಬೇಕು? ಈ ಎರಡು ಪಂಗಡಗಳಿಗೂ ಹಿಡಿಸುವ ವಸ್ತುವೊಂದು ಇತ್ತು: ಗಂಧದ ಪರಿಮಳ. ದೇವರ ಕೋಣೆಯಲ್ಲಿ ತೇಯ್ದು ಹಣೆಗಿಟ್ಟುಕೊಳ್ಳುವ ಗಂಧವನ್ನು ಮೈಲಿಗೆ ಎಂದವರು ಯಾರು? ಗಂಧದೆಣ್ಣೆಗೆ ಸ್ವಭಾವತಃ ಇನ್ನೊಂದು ಗುಣವುಂಟು. ಬೇರೆ ಸುವಾಸನೆಗಳು ಬೇಗ ಹಾರಿಹೋಗದಂತೆ ಅದು ಹಿಡಿದಿಡುತ್ತದೆ. ಈ ಎಣ್ಣೆಯನ್ನು ಬುನಾದಿಯಾಗಿಟ್ಟುಕೊಂಡು ಶಾಸ್ತ್ರಿಗಳು ತಮ್ಮದೇ ಸುಗಂಧವನ್ನು ಹೊಂದಿಸಿದರು.

ಇಲ್ಲಿಯವರೆಗೆ ರಸಾಯನಜ್ಞನ ಕೆಲಸ. ಆಮೇಲಿನದು ಪ್ರಚಾರಕನದು, ಮತ್ತು ನನ್ನ ಮಟ್ಟಿಗೆ ಅದೇ ಹೆಚ್ಚಿನದು. ಚೌಕನೆಯ ಬಿಲ್ಲೆಗಳ ನಡುವೆ ಇದು ಎದ್ದು ಕಾಣಲೆಂದು ಅಂಡಾಕಾರದಲ್ಲಿ ಅಚ್ಚು ಹಾಕಿಸಿದರು. ತೆಳುವಾದ ಕಾಗದದಲ್ಲಿ ಸುತ್ತಿ ಹೂಬಳ್ಳಿಯ ಚಿತ್ತಾರದ ಪೆಟ್ಟಿಗೆಯಲ್ಲಿಟ್ಟರು. ಮುಚ್ಚಳ ತೆರೆದರೆ ಒಡವೆಯ ಪೆಟ್ಟಿಗೆಯನ್ನು ತೆರೆದಂತಾಗಬೇಕು. ಮೈ ತೊಳೆಯುವ ವಸ್ತು ಹೀಗೆ ಉಡುಗೊರೆಯಾಯಿತು. ಬಿಲ್ಲೆಗೊಂದು ಲಾಂಛನ ಬೇಕಲ್ಲ? ಶರಭವನ್ನು ಆರಿಸಿದರು: ಸಿಂಹದ ಮೈ, ಆನೆಯ ತಲೆ. ಪುರಾಣಜ್ಞರು ಇದಕ್ಕೆ ಆಕ್ಷೇಪವೆತ್ತಬಹುದು. ಪುರಾಣದ ಶರಭಕ್ಕೆ ಎಂಟು ಕಾಲು. ಅದು ನರಸಿಂಹನನ್ನೇ ತಡೆದ ಮೃಗಪಕ್ಷಿ. ಆನೆಮೊಗದ ಸಿಂಹವನ್ನು ಶಿಲ್ಪಿಗಳು ಗಜಕೇಸರಿ ಎಂದಾರು. ಆದರೆ ಮೈಸೂರಿನ ರಾಜಮುದ್ರೆಯಲ್ಲಿ ಗಂಡಭೇರುಂಡದ ಎರಡು ಪಕ್ಕಗಳಲ್ಲಿ ನಿಂತಿದ್ದುದು ಇಂಥ ಮೃಗವೇ. ಸಾಬೂನಿನ ಮೇಲೆ ಅದನ್ನು ಕಂಡವನಿಗೆ ಇದು ಸಂಸ್ಥಾನದ ಮಾತು ಎಂಬ ಭರವಸೆ ಹುಟ್ಟುತ್ತಿತ್ತು. ಬಾಣಭಟ್ಟನ ವ್ಯಾಖ್ಯಾನಕಾರನಿಗೆ ಬೇಕಾದ ಸೂಕ್ಷ್ಮವನ್ನು ಸಾಬೂನು ಕೊಳ್ಳುವ ಗೃಹಿಣಿಯಿಂದ ಶಾಸ್ತ್ರಿಗಳು ನಿರೀಕ್ಷಿಸಲಿಲ್ಲ, ಒಳ್ಳೆಯದೇ ಆಯಿತು.

ಸರಕಾರದ ಕಾರ್ಖಾನೆ ಟಪ್ಪಾಲು ಬರೆದು ಸುಮ್ಮನಿರಲಿಲ್ಲ. ಊರೂರಿನ ಫಲಕಗಳಲ್ಲಿ, ಟ್ರಾಮಿನ ಟಿಕೇಟುಗಳ ಮೇಲೆ, ಬೆಂಕಿಪೆಟ್ಟಿಗೆಗಳ ಮೇಲೆ ಸಾಬೂನಿನ ಹೆಸರು ಬಂದಿತು. ಟ್ರಾಮಿನಲ್ಲಿ ಕುಳಿತವನಿಗೆ ಕೈಯಲ್ಲಿರುವ ಚೀಟಿಯನ್ನು ನೋಡದೆ ಬೇರೆ ಕೆಲಸವೇನು? ಕರಾಚಿಯಲ್ಲಂತೂ ಒಂಟೆಗಳ ಮೆರವಣಿಗೆಯನ್ನೇ ಹೊರಡಿಸಿದರು. ಮೈಸೂರಿನಲ್ಲಿಯಾಗಿದ್ದರೆ ಆನೆ ಸಾಕಿತ್ತು. ಸಿಂಧಿನ ಮರಳಿನಲ್ಲಿ ಅಲ್ಲಿಯ ಪ್ರಾಣಿಯೇ ಬೇಕೆಂಬ ವಿವೇಕ ಇಂದಿನ ಪ್ರಚಾರ ಕಛೇರಿಗಳಲ್ಲಿ ಎಷ್ಟು ಜನಕ್ಕಿದೆಯೋ!

ಇದೇ ಸಂಸ್ಥಾನ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿಯನ್ನು ಎಬ್ಬಿಸಿತು. ಬಸರಾಳಿನ ಸುತ್ತಿನ ರೈತರ ಬಾಳಿಗೆ ಸಾಬೂನಿಗಿಂತ ಅದು ಹತ್ತಿರ. ಆದರೆ ಸಕ್ಕರೆ ಮೂಟೆಯಿಂದ ಅಂಗಡಿಯ ತಕ್ಕಡಿಗೆ, ತಕ್ಕಡಿಯಿಂದ ಕಾಫಿಯ ಲೋಟಕ್ಕೆ ಬೀಳುವಾಗ ಅದರ ಊರು ಯಾವುದೆಂದು ಕೇಳುವವರಿಲ್ಲ. ಅದೇ ಸಾಬೂನಾದರೆ ಕರಗಿ ಚೂರಾಗುವವರೆಗೂ ಮೈಸೂರಿನದೇ. ಕಾರ್ಖಾನೆ ಕಟ್ಟುವುದು ಒಂದು ಸಾಹಸ, ಸರಕಿಗೆ ಊರಿನ ಹೆಸರು ಅಂಟಿಸುವುದು ಮತ್ತೊಂದು. ಎರಡನೆಯದನ್ನು ನಮ್ಮ ಸರಕಾರಗಳು ಮತ್ತೆ ಅಷ್ಟು ಶ್ರದ್ಧೆಯಿಂದ ಮಾಡಿದ್ದು ಕಡಿಮೆ.

ಕಾರ್ಖಾನೆ 1957ರಲ್ಲಿ ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಹೋಯಿತು. 1980ರಲ್ಲಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಕಂಪನಿಯಾಯಿತು. ನಡುವೆ ನಷ್ಟದ ದಿನಗಳನ್ನೂ ಕಂಡು ಚೇತರಿಸಿಕೊಂಡಿತು. 2006ರಲ್ಲಿ ಈ ಸಾಬೂನಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಎಂದರೆ, ಮೈಸೂರಿನ ಹೆಸರು ಈ ಸರಕಿಗೆ ಸಲ್ಲುವುದೆಂದು ಕಾನೂನೇ ಒಪ್ಪಿತು. ಶಾಸ್ತ್ರಿಗಳು ಪೆಟ್ಟಿಗೆಯ ಮೇಲೆ ಬರೆಸಿದ್ದೂ ಅದನ್ನೇ. ಅದೇ ವರ್ಷ ಕ್ರಿಕೆಟ್ ಆಟಗಾರ ಮಹೇಂದ್ರಸಿಂಗ್ ಧೋನಿಯವರನ್ನು ಪ್ರಚಾರ ರಾಯಭಾರಿಯಾಗಿ ಗೊತ್ತುಮಾಡಿದರು. 2025ರಲ್ಲಿ ಚಿತ್ರನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳಿಗೆ 6.20 ಕೋಟಿ ರೂಪಾಯಿಗೆ ನೇಮಿಸಿದಾಗ, ಕನ್ನಡದ ನಟಿ ಏಕಾಗಬಾರದೆಂದು ನಾಡಿನಲ್ಲಿ ದೊಡ್ಡ ಕೂಗೆದ್ದಿತು. ಹೊರನಾಡುಗಳ ಮಾರುಕಟ್ಟೆಗೆ ಇಂಥ ಮುಖ ಬೇಕೆಂದು ಸಚಿವರು ಸಮಾಧಾನ ಹೇಳಿದರು. ಹೊರನಾಡಿನ ಮಾರುಕಟ್ಟೆಯೇನೋ ಶಾಸ್ತ್ರಿಗಳಿಗೂ ಬೇಕಾಗಿತ್ತು, ಕರಾಚಿಯ ಒಂಟೆಗಳೂ ಹೊರನಾಡಿನವೇ. ಆ ಮಟ್ಟಿಗೆ ಸಚಿವರ ಮಾತನ್ನು ಅಲ್ಲಗಳೆಯಲಾರೆ. ಆದರೆ ಒಂಟೆಗಳು ಮೆರವಣಿಗೆ ಮುಗಿಸಿ ಹೋದವು. ಜನ ಕೊಂಡು ಮನೆಗೆ ಒಯ್ದ ಪೆಟ್ಟಿಗೆಯ ಮೇಲೆ ಯಾರ ಮುಖವೂ ಇರಲಿಲ್ಲ, ಶಾಸ್ತ್ರಿಗಳ ಹೆಸರೂ ಇರಲಿಲ್ಲ. ಮೈಸೂರು ಎಂಬ ಒಂದು ಮಾತು, ಪಕ್ಕದಲ್ಲಿ ಸೊಂಡಿಲೆತ್ತಿದ ಆ ಶರಭ, ಅಷ್ಟೆ.